ಸಾವಿರ ವ್ಯಾಟಿನ ಸದ್ದು

ಗಾದಿಗನೂರಿನ ನಮ್ಮ ಮನೆತನದಲ್ಲಿ ಎರಡು ಪಕ್ಷಗಳಿವೆ. ಮೈಕ್ ಸೆಟ್ ಬಾಡಿಗೆಗೆ ಕೊಡುವ ಕಾಕಾ ಕಿವಿ ಪಕ್ಷ. ಎಂಜಿನಿಯರಿಂಗ್ ಓದುವ ಅವರ ಮಗ ಮೀಟರ್ ಪಕ್ಷ. ಬಯಲಾಟಕ್ಕೆ ಮುಂಚೆ ಕಾಕಾ "ಹಲೋ, ಮೈಕ್ ಟೆಸ್ಟಿಂಗ್" ಅಂದು ತಲೆ ಓರೆ ಮಾಡಿ, "ಯಾಕೋ ಧ್ವನಿ ಒಣಗೈತಿ" ಎನ್ನುತ್ತಾರೆ. ಮಗ ಮೊಬೈಲ್ ನೋಡಿ, "ಅಪ್ಪಾ, ತೊಂಬತ್ತು ಡೆಸಿಬೆಲ್ ಐತಿ" ಎನ್ನುತ್ತಾನೆ.

"ಭೀಮ ಆರ್ಭಟ ಮಾಡಾಕ ಹತ್ತ್ಯಾನೋ, ಅಳಾಕ ಹತ್ತ್ಯಾನೋ, ನಿನ್ನ ಡೆಸಿಬೆಲ್‌ಗೆ ಗೊತ್ತಾಗತೈತೇನಲೇ?"

ಅಷ್ಟರಲ್ಲಿ ಹೆದ್ದಾರಿಯಲ್ಲಿ ಅದಿರಿನ ಲಾರಿ ಹೋದರೆ ಮೀಟರಿನ ಅಂಕಿ ಇನ್ನಷ್ಟು ಏರುತ್ತದೆ. ಆ ಪುಣ್ಯವೂ ಭೀಮನ ಖಾತೆಗೇ ಜಮಾ.

ಅಂಕಿಗಳ ಮೇಲೆ ನನಗೂ ಗುಮಾನಿ ಹುಟ್ಟಿದ್ದು ತೊಂಬತ್ತರ ದಶಕದಲ್ಲಿ. ಆಗಿನ ಟೇಪ್ ರೆಕಾರ್ಡರುಗಳ ಎದೆಯ ಮೇಲೆ '2000 ವ್ಯಾಟ್ ಪಿ.ಎಂ.ಪಿ.ಓ.' ಎಂಬ ಥರದ ಬಂಗಾರದ ಬಣ್ಣದ ಸ್ಟಿಕ್ಕರ್ ಮೆರೆಯುತ್ತಿತ್ತು. ಮನೆಯ ಐದು ಆಂಪಿಯರ್ ಪ್ಲಗ್ಗನ್ನು ಹಿಂಡಿದರೂ 230 ವೋಲ್ಟಿನ ಲೆಕ್ಕದಲ್ಲಿ 1150 ವ್ಯಾಟ್ ದಾಟದು. ಉಳಿದದ್ದನ್ನು ಸ್ಟಿಕ್ಕರೇ ಉತ್ಪಾದಿಸುತ್ತಿತ್ತು ಅಂತ ಕಾಣುತ್ತದೆ! ಪ್ರಾಮಾಣಿಕ ವ್ಯಾಟಿನದೂ ಒಂದು ತಮಾಷೆ ಇದೆ. ವ್ಯಾಟ್ ದುಪ್ಪಟ್ಟಾದರೆ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಸದ್ದು ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ನೂರು ವ್ಯಾಟ್ ಬಿಟ್ಟು ಸಾವಿರ ವ್ಯಾಟ್ ತಂದವನಿಗೆ ಬಾಡಿಗೆ ಎಷ್ಟು ಪಟ್ಟು ಕೊಡಬೇಕು ಎಂಬುದನ್ನು ಗಣೇಶನ ಕಮಿಟಿಯವರು ಕೂತು ಯೋಚಿಸಲಿ.

ಹಾಗಂತ ಕಾಕಾನ ಕಿವಿಗೆ ಸರ್ಟಿಫಿಕೇಟ್ ಕೊಡಲಾರೆ. ಹಂಪಿಯ ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳನ್ನು ಮುಟ್ಟಲು ಬಿಡುತ್ತಿದ್ದ ಕಾಲದಲ್ಲಿ ಗೈಡ್ ಒಂದು ಕಂಬ ತಟ್ಟಿ "ಇದು ಮೃದಂಗ" ಅಂದರೆ ನಮಗೆಲ್ಲ ಮೃದಂಗವೇ ಕೇಳುತ್ತಿತ್ತು, "ಇದು ಜಲತರಂಗ" ಅಂದರೆ ನೀರೂ ಕೇಳುತ್ತಿತ್ತು. ಕಂಬ ಒಳಗೆ ಟೊಳ್ಳು ಎಂದು ಪಿಸುಗುಟ್ಟುವವರೂ ಇದ್ದರು. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಶ್ರವಣಾತೀತ ತರಂಗ ಹಾಯಿಸಿ ನೋಡಿ 2008ರಲ್ಲಿ ಬರೆದರು: ಕಂಬ ಗಟ್ಟಿ ಕಲ್ಲೇ, ತಟ್ಟಿದಾಗ ಅದು ಬಾಗಿ ಕಂಪಿಸುವುದರಿಂದ ನಾದ. ಮೀಟರ್ ಗೆದ್ದದ್ದು ಅಲ್ಲಿ. ಆದರೆ ಆ ನಾದ ಕೇಳಿ ಮೈ ಯಾಕೆ ಜುಮ್ಮೆನ್ನುತ್ತದೆ ಎಂದು ಅವರನ್ನು ಕೇಳುವುದು ತಪ್ಪು. ಅವರು ಅಳೆಯಲು ಹೋದದ್ದು ಕಲ್ಲನ್ನು, ನಮ್ಮನ್ನಲ್ಲ.

ಎರಡು ಸ್ಪೀಕರ್ ಪೆಟ್ಟಿಗೆಗಳಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ನ್ಯಾಯವಾದ ಪರೀಕ್ಷೆ ಒಂದುಂಟು. ಎರಡಕ್ಕೂ ಪರದೆ ಮುಚ್ಚಿ, ಮೀಟರ್ ಹಿಡಿದು ಸದ್ದು ಸಮ ಮಾಡಿ, ಆಮೇಲೆ ಕಿವಿಗೆ ಒಪ್ಪಿಸಬೇಕು. ಸಮ ಮಾಡದಿದ್ದರೆ ಕೂದಲೆಳೆಯಷ್ಟು ಜೋರಾಗಿರುವುದೇ 'ಮಧುರ' ಅನ್ನಿಸಿಬಿಡುತ್ತದೆ. ಇದನ್ನು ಹೇಳಿದಾಗ ಕಾಕಾ, "ಮುಖ ನೋಡದ ಹೆಣ್ಣು ಗೊತ್ತು ಮಾಡ್ತಾರೇನಪಾ?" ಎಂದು ನನ್ನ ಬಾಯಿ ಮುಚ್ಚಿಸಿದರು.

ವಸತಿ ಪ್ರದೇಶಕ್ಕೆ 2000ದ ಶಬ್ದ ಮಾಲಿನ್ಯ ನಿಯಮ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಎನ್ನುತ್ತದೆ. ಈ ವರ್ಷದ ಹಬ್ಬಕ್ಕೆ ಅಪ್ಪನೂ ಮಗನೂ ಏನನ್ನಾದರೂ ಅಳೆಯಲಿ, ಹೇಗಾದರೂ ಕೇಳಲಿ. ಹಾರ್ನ್ ಮಾತ್ರ ನಮ್ಮ ಮನೆ ಕಡೆ ತಿರುಗಿಸದಂತೆ ನೀವಾದರೂ ಒಂದು ಮಾತು ಹೇಳಿ.