ತಂತುಮೀಮಾಂಸೆ: ಟಿವಿಯ ಹಿಂದಣ ವೈರುಗಳ ತಾರತಮ್ಯ ವಿಚಾರ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲಿಗೇ ನಿರೂಪಿಸಬೇಕೆಂಬುದು ಪೂರ್ವಸೂರಿಗಳ ಕಟ್ಟಳೆಯಾದ್ದರಿಂದ ಇಲ್ಲಿಯೂ ಅದನ್ನು ಮೀರುವಂತಿಲ್ಲ. ವಿಷಯವೆಂದರೆ ಡಿವಿಡಿ ಪ್ಲೇಯರು, ಸೆಟ್ ಟಾಪ್ ಬಾಕ್ಸ್ ಮೊದಲಾದ ಪೆಟ್ಟಿಗೆಗಳಿಂದ ಚಿತ್ರವನ್ನು ಟಿವಿಗೆ ಒಯ್ಯುವ ವೈರು. ಪ್ರಯೋಜನವೆಂದರೆ ಲೋಕದಲ್ಲಿ 'ಕ್ಲಾರಿಟಿ' ಎಂದು ಪ್ರಸಿದ್ಧವಾದ ಚಿತ್ರಸ್ಪಷ್ಟತೆ. ಸಂಬಂಧವೆಂದರೆ ಒಂದು ತುದಿ ಇತ್ತ, ಇನ್ನೊಂದು ಅತ್ತ ಸಿಕ್ಕಿಸುವುದು. ಅಧಿಕಾರಿಯೆಂದರೆ ಟಿವಿಗೂ ಗೋಡೆಗೂ ನಡುವೆ ಉಳಿದ ಗೇಣು ಜಾಗದಲ್ಲಿ ಜೇಡರ ಬಲೆಗೆ ಅಂಜದೆ ಕೈ ತೂರಿಸಬಲ್ಲವನು. ದಪ್ಪ ಕೈಯವರಿಗೆ ಈ ಶಾಸ್ತ್ರದಲ್ಲಿ ಶ್ರವಣಾಧಿಕಾರ ಮಾತ್ರ ಉಂಟು.

ಇಲ್ಲಿ ವಿಚಾರಿಸುವ ವೈರುಗಳಲ್ಲಿ ಆದಿಮವಾದುದು ಹಳದಿ ಪಿನ್ನಿನ ಕಾಂಪೋಸಿಟ್. ಚಿತ್ರದ ಬೆಳಕು ನೆರಳನ್ನು ಹೇಳುವ ಸಂಕೇತವನ್ನೂ ಬಣ್ಣವನ್ನು ಹೇಳುವ ಸಂಕೇತವನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸಿ, ಬಳಿಕ ಬೇರ್ಪಡಿಸಿಕೊಳ್ಳುವ ಹೊಣೆಯನ್ನು ಟಿವಿಗೆ ಬಿಡುವುದು ಇದರ ಕ್ರಮ. ಬಿಸಿಬೇಳೆ ಭಾತನ್ನು ಬಡಿಸಿ ಅಕ್ಕಿಯನ್ನೂ ಬೇಳೆಯನ್ನೂ ಮತ್ತೆ ಬೇರೆ ಮಾಡಿಕೊಳ್ಳಿ ಎಂದ ಹಾಗೆ. ಭಾರತ ಒಪ್ಪಿಕೊಂಡ ಪಾಲ್ ಎಂಬ ಬಣ್ಣದ ಟಿವಿ ಪದ್ಧತಿಯಲ್ಲಿ 625 ಗೆರೆಗಳಿದ್ದು, ಅವುಗಳಲ್ಲಿ ಚಿತ್ರ ಕೂರುವುದು 576ರಲ್ಲಿ. ಬಣ್ಣವು ಸುಮಾರು 4.43 ಮೆಗಾಹರ್ಟ್ಸ್ ಕಂಪನದ ಮೇಲೆ ಸವಾರಿ ಮಾಡುತ್ತದೆ. ಚಿತ್ರದ ಅತಿ ಸಣ್ಣ ಗೆರೆಗಳೂ ಸರಿಸುಮಾರು ಅದೇ ಕಂಪನದಲ್ಲಿ ಬರುವುದರಿಂದ ಟಿವಿಗೆ ಯಾವುದು ಗೆರೆ, ಯಾವುದು ಬಣ್ಣ ಎಂಬ ಭ್ರಾಂತಿ ಹುಟ್ಟುತ್ತದೆ. ವಾರ್ತೆ ಓದುವಾಕೆ ಸಣ್ಣ ಚೌಕಳಿಯ ಇಳಕಲ್ ಸೀರೆ ಉಟ್ಟ ದಿನ, ನೇಕಾರ ಕನಸಿನಲ್ಲಿಯೂ ನೇಯದಿದ್ದ ಕಾಮನಬಿಲ್ಲು ಸೆರಗಿನ ಮೇಲೆ ಹರಿದಾಡುವುದು ಈ ಕಾರಣದಿಂದ. ಅದನ್ನು ಕಂಡು ಸೀರೆಯ ಅಂಗಡಿ ಯಾವುದೆಂದು ವಿಚಾರಿಸಿದವರು ಶಾಸ್ತ್ರಾಭ್ಯಾಸವಿಲ್ಲದವರು.

ಬೆಳಕು, ಬಣ್ಣಗಳಿಗೆ ಬೇರೆ ಬೇರೆ ತಂತಿ ಕೊಟ್ಟ ನಾಲ್ಕು ಸೂಜಿಯ ಎಸ್-ವಿಡಿಯೋ ಈ ಭ್ರಾಂತಿಯನ್ನು ನೀಗಿಸಿತಾದರೂ, ಅದರ ಸೂಜಿಗಳು ಬಾಗುವುದರಲ್ಲಿ ತೋರಿದ ಉತ್ಸಾಹವೇ ಹೆಚ್ಚು. ಅದನ್ನು ಇಷ್ಟಕ್ಕೇ ಬಿಡಬಹುದು.

ನಿಜವಾದ ಪಾಂಡಿತ್ಯ ಬೇಕಾಗುವುದು ಹಸಿರು, ನೀಲಿ, ಕೆಂಪು ಪಿನ್ನುಗಳ ಕಾಂಪೋನೆಂಟಿನಲ್ಲಿ. ಇಲ್ಲಿ ಹಸಿರು ಪಿನ್ನಿನಲ್ಲಿ ಹಸಿರು ಹೋಗುವುದಿಲ್ಲ, ಬೆಳಕು ಹೋಗುತ್ತದೆ; ನೀಲಿಯಲ್ಲಿ ನೀಲಿಯಿಂದ ಬೆಳಕನ್ನು ಕಳೆದ ಶೇಷವೂ, ಕೆಂಪಿನಲ್ಲಿ ಕೆಂಪಿನಿಂದ ಬೆಳಕನ್ನು ಕಳೆದ ಶೇಷವೂ ಹೋಗುತ್ತವೆ; ಹಸಿರನ್ನು ಯಾರೂ ಕಳಿಸುವುದಿಲ್ಲ, ಟಿವಿಯೇ ಲೆಕ್ಕ ಹಾಕಿ ಹುಟ್ಟಿಸಿಕೊಳ್ಳುತ್ತದೆ. ಹಸಿರೊಂದನ್ನೇ ಸಿಕ್ಕಿಸಿದರೆ ಕಪ್ಪುಬಿಳುಪು ಚಿತ್ರ ಬರುವುದು ಇದಕ್ಕೆ ಪ್ರತ್ಯಕ್ಷ ಪ್ರಮಾಣ. ನೀಲಿಯನ್ನು ಕೆಂಪಿನಲ್ಲಿಯೂ ಕೆಂಪನ್ನು ನೀಲಿಯಲ್ಲಿಯೂ ಸಿಕ್ಕಿಸಿದ ಮನೆಯಲ್ಲಿ ಪೌರಾಣಿಕ ಚಿತ್ರ ಹಾಕಿದರೆ ದುರ್ಯೋಧನ, ದುಶ್ಶಾಸನ, ಶಕುನಿ ಸಮೇತ ಕೌರವ ಪಕ್ಷವೆಲ್ಲ ನೀಲಮೇಘಶ್ಯಾಮವಾಗಿ, ಶ್ರೀಕೃಷ್ಣನೊಬ್ಬ ಮಾತ್ರ ಕಿತ್ತಳೆಯ ಛಾಯೆಗೆ ತಿರುಗುವನು. ಧ್ವನಿಗೆಂದು ಇನ್ನೊಂದು ಕೆಂಪು ಪಿನ್ನು ಇರುವುದರಿಂದ ಎರಡು ಕೆಂಪುಗಳಲ್ಲಿ ಯಾವುದು ಯಾವುದೆಂಬ ಸಂಶಯವೂ ಇಲ್ಲಿ ಸಹಜ. ಇಷ್ಟಾದರೂ ಈ ವೈರು 1080 ಗೆರೆಗಳ ಚಿತ್ರವನ್ನು ಲೀಲಾಜಾಲವಾಗಿ ಹೊರುತ್ತಿತ್ತು. ಆದರೆ ನಕಲು ತಡೆಯುವ ಬೀಗ ಇದರಲ್ಲಿ ಇರಲಿಲ್ಲವಾಗಿ, ಚಿತ್ರೋದ್ಯಮಕ್ಕೆ ಇದರ ಮೇಲೆ ವಿಶ್ವಾಸ ಹುಟ್ಟಲಿಲ್ಲ.

ಬೀಗಸಹಿತವಾಗಿ ಬಂದದ್ದು ಎಚ್‌ಡಿಎಂಐ. 2002ರ ಕೊನೆಯಲ್ಲಿ ಇದರ ಮೊದಲ ನಿರೂಪಣೆ ಹೊರಬಿತ್ತು, ಸೂಜಿಗಳು 19. ಇದರಲ್ಲಿ ಚಿತ್ರವು ಸೊನ್ನೆ ಮತ್ತು ಒಂದುಗಳ ಸಾಲಾಗಿ ಹರಿಯುತ್ತದೆ. ಹೆಣೆದ ಒಂದೊಂದು ಜೋಡಿ ತಂತಿಯಲ್ಲಿಯೂ ಒಂದರ ವಿರುದ್ಧವನ್ನು ಇನ್ನೊಂದು ಹೇಳುತ್ತಿದ್ದು, ಟಿವಿ ಅವೆರಡರ ವ್ಯತ್ಯಾಸವನ್ನಷ್ಟೇ ಓದಿಕೊಳ್ಳುವುದರಿಂದ, ಹೊರಗಿನಿಂದ ಎರಡಕ್ಕೂ ಸಮವಾಗಿ ಅಂಟಿದ ಗದ್ದಲ ತನ್ನಷ್ಟಕ್ಕೆ ಕಳೆದುಹೋಗುತ್ತದೆ. ಸೊನ್ನೆ ಸೊನ್ನೆಯಾಗಿ, ಒಂದು ಒಂದಾಗಿ ತಲುಪುವವರೆಗೂ ಚಿತ್ರ ಪೂರ್ಣ. ತಪ್ಪುಗಳು ಹೆಚ್ಚಿದಾಗ ಪರದೆಯ ಮೇಲೆ ಮಿಣುಕು ಚುಕ್ಕೆಗಳು, ಆಮೇಲೆ ಕತ್ತಲೆ.

ಇಲ್ಲಿ ಪೂರ್ವಪಕ್ಷ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಪರಂಪರೆಯಿಂದ ಬಂದ ಆಪ್ತವಾಕ್ಯವೊಂದುಂಟು: "ಸಾರ್, ಇದು ಗೋಲ್ಡ್ ಪ್ಲೇಟೆಡ್ಡು, ಹಾಕ್ ನೋಡಿ, ಕ್ಲಾರಿಟೀನೇ ಬೇರೆ." ಇದರ ಹಿಂದಿರುವ ಅನುಮಾನ ಹೀಗೆ: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಹಾಗೆಯೇ ಎಲ್ಲಿ ಬೆಲೆಯೋ ಅಲ್ಲಿ ಕ್ಲಾರಿಟಿ. ನೈಯಾಯಿಕರು ವ್ಯಾಪ್ತಿ ಎನ್ನುವ, ಎಂದರೆ ಒಂದಿದ್ದಲ್ಲಿ ಇನ್ನೊಂದು ತಪ್ಪದೆ ಇರಬೇಕೆಂಬ ನಿಯಮ ಈ ವಾದದಲ್ಲಿ ಮುರಿದುಬೀಳುತ್ತದೆ. ಇನ್ನೂರು ರೂಪಾಯಿಯ ವೈರಿನಲ್ಲಿ ತಲುಪಿದ ಒಂದಕ್ಕೂ ಇಪ್ಪತ್ತು ಸಾವಿರದ ವೈರಿನಲ್ಲಿ ತಲುಪಿದ ಒಂದಕ್ಕೂ ಭೇದವಿಲ್ಲದ ಕಾರಣ, ದುಬಾರಿ ವೈರಿನಲ್ಲಿ ಕಪ್ಪು ಇನ್ನೂ ಕಪ್ಪಾಗಿ ಕಂಡಿತೆಂದರೆ ಅದು ಬಿಲ್ಲು ಕಂಡ ಕಣ್ಣಿನ ಗುಣ. ಚಿನ್ನವಾದರೋ ತಾಮ್ರಕ್ಕಿಂತ ಕಡಿಮೆ ವಿದ್ಯುದ್ವಾಹಕ. ಅದರ ಮಹಿಮೆಯೆಲ್ಲ ಕಿಲುಬು ಹಿಡಿಯದಿರುವುದರಲ್ಲಿದೆ. ಮಂಗಳೂರಿನ ಉಪ್ಪುಗಾಳಿಯಲ್ಲಿ ಅದಕ್ಕೊಂದು ಅರ್ಥವಿದ್ದೀತು. ಚಿತ್ರದುರ್ಗದ ಒಣಹವೆಯಲ್ಲಿ ಅದು ಬರಿಯ ಆಭರಣ.

ಅಪವಾದವನ್ನು ಮುಚ್ಚಿಡುವುದು ಶಾಸ್ತ್ರಕಾರರಿಗೆ ಸಲ್ಲದು. ಸೆಕೆಂಡಿಗೆ 60 ಚೌಕಟ್ಟುಗಳ ಫೋರ್‌ಕೆ ಚಿತ್ರಕ್ಕಾಗಿ 2013ರ ಎಚ್‌ಡಿಎಂಐ 2.0 ಸೆಕೆಂಡಿಗೆ 18 ಗಿಗಾಬಿಟ್ ಹೊರುವಂತೆಯೂ, 2017ರ 2.1 ಅದನ್ನು 48ಕ್ಕೆ ಏರಿಸುವಂತೆಯೂ ವಿಧಿಸಿರುವುದರಿಂದ, ಚಾವಣಿಗೆ ಪ್ರೊಜೆಕ್ಟರ್ ತೂಗುಹಾಕಿ ಹತ್ತು ಮೀಟರ್ ವೈರು ಎಳೆಯುವವರಿಗೆ ಸಾದಾ ತಾಮ್ರ ಕೈಕೊಡುವುದುಂಟು. ಅಂಥವರಿಗೆ ಬೆಳಕಿನ ಎಳೆಯ ವೈರು ವಿಹಿತ. ಅದರ ಒಂದು ತುದಿ ಪೆಟ್ಟಿಗೆಗೆ, ಇನ್ನೊಂದು ಪರದೆಗೆಂದು ಗೊತ್ತಾಗಿರುವುದರಿಂದ, ಗೋಡೆಯೊಳಗೆ ಹೂತು ಸುಣ್ಣ ಬಳಿದ ಮೇಲೆ ತುದಿಗಳ ವಿಚಾರ ಮಾಡುವುದು ನಿಷಿದ್ಧ.

ಇನ್ನು ಆಚಾರಕಾಂಡ. ಎಚ್‌ಡಿ ಟಿವಿ, ಎಚ್‌ಡಿ ಪೆಟ್ಟಿಗೆ, ಎಚ್‌ಡಿ ಚಂದಾ ಇದ್ದು ನಡುವೆ ಹಳದಿ ಪಿನ್ನಿರುವ ಮನೆಗಳು ಊರೂರಲ್ಲಿಯೂ ಇವೆ. ಡಿಶ್ ಕೂರಿಸಲು ಬಂದ ಹುಡುಗ ಆ ದಿನ ಕೈಗೆ ಸಿಕ್ಕಿದ್ದನ್ನು ಸಿಕ್ಕಿಸಿ ಹೋಗಿದ್ದು, ಮನೆಯವರು 1080 ಗೆರೆಗೆ ದುಡ್ಡು ಕಟ್ಟಿ 576ನ್ನು ನೆಮ್ಮದಿಯಿಂದ ನೋಡುತ್ತಿರುತ್ತಾರೆ. ವೈರು ಬದಲಾಯಿಸಿದರೂ ದೋಷಪರಿಹಾರವಾಯಿತೆನ್ನಲು ಬರುವುದಿಲ್ಲ. 1950ರ ದಶಕದ ನಮ್ಮ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರರಷ್ಟಿದ್ದು ಈಗಿನ ಪರದೆ ಹದಿನಾರಕ್ಕೆ ಒಂಬತ್ತಾಗಿರುವುದರಿಂದ ಎರಡು ಬದಿಯಲ್ಲಿ ಕಪ್ಪು ಪಟ್ಟಿ ಉಳಿಯುವುದು ಸರಿಯಾದ ಕ್ರಮವಾದರೂ, "ದುಡ್ಡು ಕೊಟ್ಟಿದ್ದು ಇಡೀ ಟಿವಿಗೆ, ಅಷ್ಟು ಜಾಗ ಯಾಕೋ ಖಾಲಿ ಬಿಡ್ಬೇಕು?" ಎಂಬುದು ಮನೆಯ ಅಜ್ಜನ ಆಕ್ಷೇಪ. ತರ್ಕದಲ್ಲಿ ಇದಕ್ಕೆ ಸಮಾಧಾನ ದೊರೆಯದೆ ಚಿತ್ರವನ್ನು ಪರದೆಯ ತುಂಬ ಹಿಗ್ಗಿಸಲಾಗುತ್ತದೆ. ಆದುದರಿಂದ 48 ಗಿಗಾಬಿಟ್ಟಿನ ವೈರಿನಲ್ಲಿ ಬಂದರೂ ಆ ಮನೆಯ ನಾಯಕಿ ಮೂರನೇ ಒಂದು ಪಾಲು ಅಗಲವಾಗಿಯೇ ಹಾಡುತ್ತಾಳೆ. ರಿಮೋಟು ಅಜ್ಜನ ದಿಂಬಿನ ಕೆಳಗಿರುತ್ತದೆ.