ಗುರಿ ಎಲ್ಲೋ, ಗುಂಡು ಎಲ್ಲೋ

ಮಿಚಿಗನ್ನಿನಲ್ಲಿ ನವೆಂಬರ್ 15ಕ್ಕೆ ಬಂದೂಕಿನ ಜಿಂಕೆ ಬೇಟೆ ಶುರು. ಅದರ ಹಿಂದಿನ ವಾರ ಶೂಟಿಂಗ್ ರೇಂಜಿನಲ್ಲಿ ಬೇಟೆಗಾರರ ಮುಖ ನೋಡಬೇಕು! ಮೊದಲ ಗುಂಡು ಎಡಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ದೇವರಿಗೇ ಪ್ರೀತಿ. ತಪ್ಪು ಗಾಳಿಯದು, ತೋಟೆಯದು, ಕೊನೆಗೆ ಗುರಿ ನೋಡುವ ಸ್ಕೋಪ್ ಮಾರಿದವನದು. ಸಾಮಾನ್ಯವಾಗಿ ಸ್ಕೋಪಿನ ತಿರುಗುಗುಂಡಿಯ ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಗುಂಡು ಸರಿಯುವುದು ಕಾಲು ಇಂಚು. ಇವರೋ ಹಿತ್ತಲ ನಲ್ಲಿ ತಿರುಗಿಸಿದಂತೆ ತಿರುಗಿಸುತ್ತಾರೆ. ಎಷ್ಟೋ ಸಲ ಅಸಲಿ ಕಳ್ಳ ಕೆಳಗೇ ಕೂತಿರುತ್ತಾನೆ: ಸ್ಕೋಪನ್ನು ಬಂದೂಕಿಗೆ ಕೂರಿಸುವ ಬೇಸಿನ ಸಡಿಲ ಸ್ಕ್ರೂ. ಬಿಗಿ ಮಾಡಿ ಅಂದರೆ, ಸ್ಕೋಪಿನ ಕೊಳವೆಯೇ ನೆಗ್ಗುವಷ್ಟು ಅದನ್ನು ಹಿಡಿಯುವ ರಿಂಗು ಬಿಗಿಯುತ್ತಾರೆ. ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಇದೆಯಲ್ಲ? 'ನನ್ನ ಕೈಯೇ ಅಳತೆ!' ಮೊದಲು 25 ಗಜದಲ್ಲಿ ನೋಡಿ, ಆಮೇಲೆ 100ಕ್ಕೆ ಹೋಗಿ ಎನ್ನುವವನನ್ನು ಯಾರೂ ಕಾಫಿಗೆ ಕರೆಯುವುದಿಲ್ಲ. ಸ್ಕೋಪನ್ನು ಕಣ್ಣಿಗೆ ತೀರಾ ಹತ್ತಿರ ಕೂರಿಸಿಕೊಂಡವರನ್ನಂತೂ ಮಾತಾಡಿಸಲೇಬಾರದು. ಬಂದೂಕು ಹಿಂದಕ್ಕೆ ಒದ್ದು, ಹುಬ್ಬಿನ ಮೇಲೆ ಅರ್ಧಚಂದ್ರ ಪ್ರಯೋಗವಾಗಿರುತ್ತದೆ.