ಹುಡುಗರಿಗೆ ಪುಸ್ತಕ ಒಗ್ಗಲ್ವಂತೆ!

ಹೆಣ್ಮಕ್ಕಳು ತಣ್ಣಗೆ ಕೂತು ಓದ್ತವೆ, ಹುಡುಗರನ್ನ ಕೂರಿಸೋದೇ ಕಷ್ಟ. ಒಂದನೇ ಕ್ಲಾಸಿನ ಯಾವ ಮಿಸ್ಸನ್ನು ಕೇಳಿದರೂ ಇದೇ ಮಾತು, ಅಲ್ವಾ? ಸುಳ್ಳೂ ಅಲ್ಲ ಅನ್ನಿ. ನಾಲ್ಕನೇ ತರಗತಿ ಮಕ್ಕಳ ಓದನ್ನು ಅಳೆಯೋ ಪಿರ್ಲ್ಸ್ ಅನ್ನೋ ಪರೀಕ್ಷೆ 2001ರಿಂದ ಐದೈದು ವರ್ಷಕ್ಕೊಮ್ಮೆ ನಡೀತಿದೆ. ನಮ್ಮ ದೇಶ ಅದರಲ್ಲಿಲ್ಲ, ಆದರೆ ಸೇರಿದ ದೇಶಗಳಲ್ಲಿ ಹೆಚ್ಚುಕಡಿಮೆ ಎಲ್ಲೆಲ್ಲೂ ಹುಡುಗಿಯರದ್ದೇ ಮೇಲುಗೈ. ಹಾಗಂತ ಹುಡುಗರಿಗೆ ಓದು ಹುಟ್ಟಿನಿಂದಲೇ ಒಗ್ಗಲ್ಲ ಅಂದುಬಿಟ್ಟರೆ ನಾನಂತೂ ಒಪ್ಪಲ್ಲ ಕಣ್ರೀ.

ನಮ್ಮ ಸರ್ಕಾರಿ ಶಾಲೆಯ ನಲಿಕಲಿ ಕೋಣೆಯನ್ನೇ ನೋಡಿ. ಒಂದರಿಂದ ಮೂರರವರೆಗಿನ ಮಕ್ಕಳು ಗುಂಪುಗುಂಪಾಗಿ ಕೂತಿರ್ತವೆ. ಅಲ್ಲಿ ಅ-ಆ-ಇ-ಈ ಪಾಠವಿಲ್ಲ, ರ-ಗ-ಸ-ದ-ಅ ಅಂತ ಶುರು. ನಮ್ಮ ಕಾಲದವರಿಗೆ ಇದೇ ಒಂದು ಸೋಜಿಗ! ಗುಂಪಿನಲ್ಲಿ ಸ್ವಲ್ಪ ಮುಂದಿರೋ ಹುಡುಗಿ ಒಬ್ಬಳಿದ್ದರೆ ತಾನಾಗೇ ಪುಟಾಣಿ ಮಿಸ್ಸಾಗಿಬಿಡ್ತಾಳೆ. ಬೆರಳಿಟ್ಟು ತೋರಿಸೋದೇನು, ‘ಇನ್ನೊಂದ್ಸಲ ಹೇಳು’ ಅಂತ ಗದರೋದೇನು! ಪಕ್ಕದ ಹುಡುಗ ಕಾರ್ಡಿನ ಮೇಲಿನ ಪ್ರಾಣಿಯ ಚಿತ್ರ ನೋಡ್ತಾ ಅದರ ಹಾಗೆ ಕೂಗ್ತಾ ಇರ್ತಾನೆ. ಮಿಸ್ಸಿನ ಕಣ್ಣೆಲ್ಲ ಅವನ ಮೇಲೆ. ಆಗ ಏನಾಗುತ್ತೆ ಗೊತ್ತಾ? ಮೂಲೆಯಲ್ಲಿ ತೆಪ್ಪಗೆ ಕೂತ ಇನ್ನೊಬ್ಬ ಹುಡುಗಿ ಎಲ್ಲರ ದನಿಯೊಳಗೆ ದನಿ ಸೇರಿಸಿ ತುಟಿ ಆಡಿಸ್ತಿರ್ತಾಳೆ, ಅಕ್ಷರ ಒಂದೂ ಹತ್ತಿರೋದಿಲ್ಲ. ‘ಒಳ್ಳೇ ಮಗು, ಗಲಾಟೆ ಇಲ್ಲ’ ಅಂತ ಆಕೆಯನ್ನು ದಾಟಿ ಹೋಗ್ತೀವಿ. ನನ್ನ ಹೊಟ್ಟೆ ಉರಿಯೋದು ಇಲ್ಲೇ. ಕೂಗೋ ಹುಡುಗನ ಕಷ್ಟ ಊರಿಗೆಲ್ಲ ಕೇಳುತ್ತೆ, ಇವಳದ್ದು ಯಾರಿಗೆ ಕೇಳ್ಬೇಕು?

ಹುಡುಗರಿಗೆ ಓದು ಒಗ್ಗಲ್ಲ ಅಂದಾಗೆಲ್ಲ ನಮ್ಮ ತಾತ ನೆನಪಾಗ್ತಾರೆ. ಶ್ರಾವಣ ಬಂತು ಅಂದರೆ ಸಂಜೆ ಜಗಲಿ ಮೇಲೆ ಜೈಮಿನಿ ಭಾರತ. ಒಬ್ಬರು ರಾಗವಾಗಿ ಓದೋದು, ಇನ್ನೊಬ್ಬರು ಅರ್ಥ ಹೇಳೋದು. ಓದುವವರೆಲ್ಲ ಗಂಡಸರೇ. ಗಂಡುಹುಡುಗರು ಮುಂದೆ ಜಾಗ ಹಿಡಿದು, ಅವರ ಜೊತೆಗೇ ಸಾಲು ಗುನುಗ್ತಾ, ಯುದ್ಧದ ಭಾಗ ಬಂತು ಅಂದರೆ ಕಣ್ಣು ಮಿಟುಕಿಸದೆ ಕೂತಿರ್ತಿದ್ದರು. ಅಜ್ಜಿ ಬಾಗಿಲ ಹಿಂದೆ ನಿಂತು ಕೇಳ್ತಿದ್ದಳು. ಪದ್ಯ ಎಷ್ಟೋ ಬಾಯಿಗೆ ಬರ್ತಿತ್ತು, ಪುಸ್ತಕ ಕೊಟ್ಟರೆ ಓದೋಕೆ ಬರ್ತಿರಲಿಲ್ಲ. ಆಕೆಯೊಬ್ಬಳೇ ಏನಲ್ಲ ಬಿಡಿ, 1951ರ ಜನಗಣತಿಯಲ್ಲಿ ದೇಶದ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. ಆಗ ಓದು ಹೆಂಗಸರಿಗೆ ಒಗ್ಗಲ್ಲ ಅಂತಿದ್ದರು, ಈಗ ಹುಡುಗರಿಗೆ ಅಂತೀವಿ. ಎರಡು ತಲೆಮಾರಿನಲ್ಲಿ ಮಕ್ಕಳ ಮಿದುಳು ತಿರುಗಿ ಕೂತಿತೇ? ಜಗಲಿ ಮೇಲೆ ಯಾರು ಪುಸ್ತಕ ಹಿಡಿದು ಕೂರ್ತಾರೆ ಅನ್ನೋದು ಬದಲಾಯ್ತು, ಅಷ್ಟೇ.

ಇವತ್ತಿನ ಹುಡುಗ ನೋಡೋದೇನು? ಅಂಗನವಾಡಿಯಲ್ಲಿ ಟೀಚರಮ್ಮ, ಶಾಲೆಯಲ್ಲಿ ಮಿಸ್ಸು, ಮನೆಯಲ್ಲಿ ಹೋಂವರ್ಕಿಗೆ ಅಮ್ಮ. ಅಪ್ಪನ ಕೈಯಲ್ಲಿ ಮೊಬೈಲು. ಓದು ಹೆಂಗಸರ ಕೆಲಸ ಅಂತ ಆ ಪುಟ್ಟ ತಲೆಗೆ ಹೊಳೆಯದೇ ಇರುತ್ತಾ? ಕೇರಳದವರು 2024ರಲ್ಲಿ ಮೂರನೇ ಕ್ಲಾಸಿನ ಪಠ್ಯದಲ್ಲಿ ಅಪ್ಪ ತೆಂಗಿನಕಾಯಿ ತುರಿಯೋ ಚಿತ್ರ ಹಾಕಿದರು. ಬಲು ಚೆನ್ನ! ಜೊತೆಗೆ ಅಪ್ಪ ಮಗನನ್ನ ತೊಡೆ ಮೇಲೆ ಕೂರಿಸಿಕೊಂಡು ಕಥೆ ಓದೋ ಚಿತ್ರವೂ ಎಲ್ಲ ಪುಸ್ತಕಗಳಲ್ಲಿ ಬೇಕು ಅಂತೀನಿ.

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ ‘ಓದುವ ಬೆಳಕು’ ಅನ್ನೋ ಕಾರ್ಯಕ್ರಮ ನಡೀತಿದೆ, ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಊರಿನ ಡ್ರೈವರಣ್ಣನೋ, ಹಾಲಿನ ಡೇರಿ ಮಾವನೋ ವಾರಕ್ಕೊಂದು ಸಂಜೆ ಅಲ್ಲಿ ಬಂದು ಗಟ್ಟಿಯಾಗಿ ಒಂದು ಕಥೆ ಓದಲಿ. ಮೂಲೆಯಲ್ಲಿ ಕೂತ ಆ ಮೌನದ ಹುಡುಗಿಯನ್ನೂ ಪಕ್ಕಕ್ಕೆ ಕರೆದು, ‘ಈ ಸಾಲು ನೀನು ಓದು ಪುಟ್ಟಿ’ ಅನ್ನಲಿ. ಭಾನುವಾರ ನಿಮ್ಮ ಯಜಮಾನ್ರು ಬಿಡುವಾಗಿದ್ದರೆ ಅವರಿಂದಲೇ ಶುರು ಮಾಡೋಣ, ಏನಂತೀರಿ?